ಊರ ಶಾಲೆ ರಿಪೇರಿ ಡೈರಿ: 57 ಜನರ ದುಡ್ಡು, ಸೋರೋ ಮಾಡು (ಚಾವಣಿ), ನನ್ನ ತಪ್ಪುಗಳ ಬಿಲ್ಲು

ಮೊದ್ಲೇ ಹೇಳ್ಬಿಡ್ತೀನಿ, ಕೆಲಸ ಪೂರ್ತಿ ಮುಗ್ದಿಲ್ಲ. ಒಂದು ಕಡೆ ಇನ್ನೂ ಸೋರ್ತಿದೆ, ಅದು ಕೊನೇಲಿ ಬರುತ್ತೆ. ಹಳೇ ವಿದ್ಯಾರ್ಥಿಗಳ ಗ್ರೂಪಲ್ಲಿ ಈ ರಿಪೇರಿಗೆ ದುಡ್ಡು ಹಾಕಿದವ್ರು "ಲೆಕ್ಕ ಎಲ್ಲಿ" ಅಂತ ಕೇಳ್ತಿದ್ರು, ಇನ್ನೊಂದೆರಡು ಊರಿನವ್ರು "ನಮ್ಮ ಶಾಲೇದೂ ಮಾಡ್ಬೇಕು, ಹೇಗ್ ಮಾಡಿದ್ರಿ" ಅಂದ್ರು, ಅದಕ್ಕೆ ಎಲ್ಲ ಒಂದೇ ಕಡೆ ಬರೆದು ಹಾಕ್ತಿದೀನಿ. ಊರ ಹೆಸರು ಹಾಕೋದು ಬೇಡ ಅಂದ್ರು ಎಚ್ಚೆಂ (ಶಾಲೆಯ ಮುಖ್ಯ ಶಿಕ್ಷಕರು). ಮಲೆನಾಡಿನ ಹೊಸನಗರ ತಾಲೂಕು ಅಂದ್ರೆ ಸಾಕು, ಮಳೆ ಎಷ್ಟು ಅಂತ ಗೊತ್ತಾಗುತ್ತಲ್ಲ.

ಶಾಲೆ ಒಂದರಿಂದ ಏಳನೇ ಕ್ಲಾಸಿನದು, 74 ಮಕ್ಳು. ಹಳೇ ಕಾಲದ ಮೂರು ಹೆಂಚಿನ ರೂಮು, ಅದಕ್ಕೆ ಅಂಟಿಸ್ಕೊಂಡು ಆಮೇಲೆ ಕಟ್ಟಿದ ಒಂದು ಆರ್‌ಸಿಸಿ ರೂಮು, ಹಿಂದೆ ಅಡುಗೆ ಮನೆ, ಮೂಲೇಲಿ ಎರಡು ಟಾಯ್ಲೆಟ್. ನಾನು 1998ರ ಏಳನೇ ಕ್ಲಾಸ್. ಈಗ ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಪ್ಲಂಬಿಂಗು ವೈರಿಂಗು ಕಣ್ಮುಚ್ಚಿ ಮಾಡ್ತೀನಿ, ಆದ್ರೆ ಹೆಂಚಿನ ಮಾಡು ಹತ್ತಿದ್ದು ಇದೇ ಮೊದಲು. ಇದನ್ನ ಮುಂದೆ ಓದುವಾಗ ನೆನಪಿಟ್ಕೊಳ್ಳಿ.

ಮಾರ್ಚ್ 2, 2025. ದುಡ್ಡು

ಜನವರಿ 26ಕ್ಕೆ ಊರಿಗೆ ಹೋದಾಗ ಎಚ್ಚೆಂ ಮೂರನೇ ರೂಮು ತೋರ್ಸಿದ್ರು. ಹೋದ ಮಳೆಗಾಲದಲ್ಲಿ ಐದು ಬಕೀಟು ಇಟ್ಟು ಪಾಠ ಮಾಡಿದ್ರಂತೆ. ನೆಲದ ಮೇಲೆ ಐದು ಕಡೆ ದುಂಡಗೆ ಪಾಚಿ ಕಲೆ ಹಂಗೇ ಇತ್ತು. ಫೋಟೋ ಹೊಡೆದು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಹಾಕ್ದೆ, ಮಾರ್ಚಲ್ಲಿ ಕಲೆಕ್ಷನ್ ಶುರು ಮಾಡಿದ್ವಿ. ಒಂಬತ್ತು ದಿನಕ್ಕೆ 57 ಜನ, 2,18,600 ರೂಪಾಯಿ. ಅತೀ ಕಡಿಮೆ 200, ಅತೀ ಹೆಚ್ಚು ಮಸ್ಕತ್‌ನಲ್ಲಿರೋ ಕ್ಲಾಸ್‌ಮೇಟ್ ಒಬ್ಬನ 50,000. ನಾನು 60-70 ಸಾವಿರ ಆಗ್ಬಹುದು ಅಂದ್ಕೊಂಡಿದ್ದೆ, ನಿಜವಾಗ್ಲೂ.

ವಸ್ತು ರೂಪದಲ್ಲಿ ಬಂದಿದ್ದು ಬೇರೆ. ಊರಿನ ಒಬ್ರು ಹಳೇ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕ ಮತ್ತಿ ಮರದ ಪಕಾಸಿ (ಮಾಡು ಹೊರೋ ಉದ್ದನೇ ಮರದ ತುಂಡು) 14 ಕೊಟ್ರು, ಕಬ್ಬಿಣದ ಥರ ಇದೆ, ಮೊಳೆ ಹೋಗಲ್ಲ, ಡ್ರಿಲ್ ಹಾಕೇ ಹೊಡೀಬೇಕು. ಇನ್ನೊಬ್ರು ಸಾವಿರ ಲೀಟರ್ ಟ್ಯಾಂಕು. ಮತ್ತೊಬ್ರು 43 ಇಂಚಿನ ಟೀವಿ.

ತಪ್ಪು ನಂಬರ್ ಒಂದು ಇಲ್ಲೇ ಆಯ್ತು. ದುಡ್ಡನ್ನೆಲ್ಲ ನನ್ನ ಯುಪಿಐಗೇ ಹಾಕಿಸ್ಕೊಂಡೆ. ಏಪ್ರಿಲ್ 5ಕ್ಕೆ ಅದೇ ಅಕೌಂಟಿಂದ ನನ್ನ ಬೈಕ್ ಇಎಂಐ ಕಟ್ ಆಯ್ತು, ಅದೇ ವಾರ ಯಾರೋ ಸ್ಟೇಟ್‌ಮೆಂಟ್ ಹಾಕಿ ಅಂದ್ರು, ನಾನು ನೋಡ್ದೆ ಸ್ಕ್ರೀನ್‌ಶಾಟ್ ಹಾಕ್ದೆ, ಇಎಂಐ ಸಮೇತ. ಯಾರೂ ಏನೂ ಅನ್ಲಿಲ್ಲ, ಅದೇ ಇನ್ನೂ ಕಷ್ಟ, ಎರಡು ದಿನ ಗ್ರೂಪು ಮೌನವಾಗಿತ್ತು. ಮಾರನೇ ದಿನವೇ ಪೂರ್ತಿ ದುಡ್ಡನ್ನ ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿಯ, ಅಂದ್ರೆ ಎಸ್‌ಡಿಎಂಸಿ ಅಕೌಂಟಿಗೆ ಹಾಕ್ದೆ. ಅದು ಎಚ್ಚೆಂ ಮತ್ತೆ ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಅಕೌಂಟು, ಪ್ರತಿ ಚೆಕ್‌ಗೂ ಎರಡು ಸೈನ್ ಬೇಕು, ಅಧ್ಯಕ್ಷರು ಬೆಳಗಾದ್ರೆ ಶುಂಠಿ ಗದ್ದೇಲಿ ಇರ್ತಾರೆ, ಸೈನಿಗೋಸ್ಕರ ಎಷ್ಟು ಸಲ ಕೆಸರು ತುಳಿದ್ನೋ. ಆದ್ರೂ ಮೊದಲ ದಿನದಿಂದ್ಲೇ ಹಂಗೇ ಮಾಡ್ಬೇಕಿತ್ತು. ನೀವು ಮಾಡೋದಾದ್ರೆ ನಿಮ್ಮ ಸ್ವಂತ ಅಕೌಂಟ್ ನಂಬರ್ ಯಾರಿಗೂ ಕೊಡ್ಬೇಡಿ. ದಾನಕ್ಕೆ ಟ್ಯಾಕ್ಸ್ ವಿನಾಯಿತಿ ಕೊಡೋ 80ಜಿ ರಸೀದಿ ಕೇಳಿದ್ರು ಇಬ್ರು. ನಮ್ಮ ಅಕೌಂಟಿಗೆ ಅದು ಇಲ್ಲ ಅಂತ ಹೇಳ್ದೆ. ಒಬ್ರು ನ್ಯೂ ರೆಜೀಮಲ್ಲಿ ಟ್ಯಾಕ್ಸ್ ಕಟ್ಟೋರು, ಅವ್ರಿಗೆ ರಸೀದಿ ಇದ್ರೂ ಉಪಯೋಗ ಇಲ್ಲ ಅಂತ ಗೊತ್ತಾಗಿ ನಕ್ಕೊಂಡು ಸುಮ್ನಾದ್ರು.

ಏಪ್ರಿಲ್ 13, ಭಾನುವಾರ. ಹತ್ತಿ ನೋಡಿದ್ದು

ರಜೆ ಶುರುವಾಗಿ ಮೂರು ದಿನ ಆಗಿತ್ತು. ಪ್ಲಾನ್ ಇದ್ದಿದ್ದು ಒಡೆದ ಹೆಂಚು ಬದಲಿಸೋದು ಅಷ್ಟೇ, ಜಾಸ್ತಿ ಅಂದ್ರೆ 150 ಹೆಂಚು, ಎರಡು ದಿನದ ಕೆಲಸ. ಆಚಾರಿ ಒಬ್ರು ಬಂದ್ರು, ಅರವತ್ತರ ಮೇಲಾಗಿದೆ, ನಾಲ್ಕು ಹೆಂಚು ಎತ್ತಿ, ಹೆಂಚು ಕೂರೋ ಮರದ ಪಟ್ಟಿ, ಅಂದ್ರೆ ರೀಪಿಗೆ ಉಗುರು ಹಾಕಿದ್ರು, ಉಗುರು ಒಳಗೇ ಹೋಯ್ತು. ಒರಲೆ, ಅಂದ್ರೆ ಗೆದ್ದಲು. ಹೊರಗಿಂದ ಬಣ್ಣ ಚೆನ್ನಾಗಿತ್ತು, ಒಳಗೆ ಬರೀ ಮಣ್ಣು. ಆ ರೂಮಿನ ಮಾಡು ಪೂರ್ತಿ ಬಿಚ್ಚಬೇಕು ಅಂತಾಯ್ತು.

ಅಳತೆ: ರೂಮು 20 ಅಡಿ ಚದರ, ಸೂರು ಸೇರಿ ಮಾಡಿನ ಉದ್ದ 24 ಅಡಿ, ಒಂದೊಂದು ಇಳಿಜಾರು 13 ಅಡಿ 6 ಇಂಚು. ಎರಡೂ ಸೇರಿ 648 ಚದರಡಿ. ನೂರು ಚದರಡಿಗೆ ಮಂಗಳೂರು ಹೆಂಚು 140ರಿಂದ 150 ಹಿಡಿಯುತ್ತೆ, ಅಂದ್ರೆ 940ರ ಆಸುಪಾಸು. ಬಿಚ್ಚಿದ್ರಲ್ಲಿ ಗಟ್ಟಿ ಸಿಕ್ಕಿದ್ದು 310. ಬೆರಳ ಗೆಣ್ಣಲ್ಲಿ ತಟ್ಟಿ ನೋಡ್ಬೇಕು, ಕಂಚಿನ ಥರ ಟಣ್ ಅಂದ್ರೆ ಒಳ್ಳೇದು, ಡಬ್ ಅಂದ್ರೆ ಸೀಳಿದೆ. ಈ ಒಂದು ವಿದ್ಯೆ ಆಚಾರಿಯಿಂದ ಮೊದಲನೇ ದಿನಾನೇ ಕಲ್ತೆ.

ಏಪ್ರಿಲ್ 19-20. ಬಣ್ಣ, ಅಂದ್ರೆ ಉಲ್ಟಾ ಕೆಲಸ

ಮಾಡು ಮುಗಿಯೋ ಮುಂಚೆ ಬಣ್ಣ ಹೊಡೀಬಾರ್ದು ಅಂತ ಚಿಕ್ಕ ಮಗೂಗೂ ಗೊತ್ತು. ಆದ್ರೆ ವೀಕೆಂಡಿಗೆ ಬೆಂಗಳೂರಿಂದ 11 ಜನ ಬರ್ತೀವಿ ಶ್ರಮದಾನ ಮಾಡ್ತೀವಿ ಅಂದ್ರು, ಅವ್ರಿಗೆ ಹೆಂಚು ಹೊರೋಕೆ ಕೊಡೋಕಾಗುತ್ತಾ, ಬಣ್ಣವೇ ಕೊಡ್ಬೇಕು, ಫೋಟೋನೂ ಚೆನ್ನಾಗಿ ಬರುತ್ತೆ. ಒಂದನೇ ರೂಮಿಗೆ ಹೊಡೆದ್ವಿ. ಹಳೇ ಗೋಡೆ ಪೂರ್ತಿ ಸುಣ್ಣ, ಎಷ್ಟು ವರ್ಷದ ಪದರವೋ, ಅದನ್ನ ಕೆರೆಯದೇ ಮೇಲೇ ಡಿಸ್ಟೆಂಪರ್ ಎಳೆದ್ವಿ. ಮೂರು ವಾರಕ್ಕೆ ಹಪ್ಪಳದ ಥರ ಎದ್ದು ಬಂತು. ಒಂದು ಕಡೆ ಹಿಡಿದು ಎಳೆದ್ರೆ ಒಂದಡಿ ಹಾಳೆ ಬರ್ತಿತ್ತು, ಹಿಂದ್ಗಡೆ ನೀಲಿ ಸುಣ್ಣ, ನಾವು ಓದುವಾಗ ಇದ್ದ ಅದೇ ನೀಲಿ.

ಆಮೇಲೆ ಪೇಂಟರ್ ಕರೆಸಿ, ಕೆರೆಸಿ, ಪ್ರೈಮರ್ ಹಾಕ್ಸಿ ಮತ್ತೆ ಹೊಡೆಸಿದ್ದು, ಅದೊಂದು ರೂಮಿನ ದಂಡ 4,600. ಮೂರೂ ರೂಮು, ಹೊರಗೋಡೆ, ದಂಡ ಎಲ್ಲ ಸೇರಿ ಬಣ್ಣಕ್ಕೆ 38,500 ಆಯ್ತು. ಶ್ರಮದಾನದ ಫೋಟೋ ಮಾತ್ರ ಇನ್ನೂ ಹಲವರ ಡಿಪಿ ಆಗಿದೆ.

ಏಪ್ರಿಲ್ 27ರಿಂದ ಮೇ 3. ಹೆಂಚಿನ ಉಳಿತಾಯ

ಹೊಸ ಹೆಂಚು 42 ರೂಪಾಯಿ. ಸಾಗರದ ಹತ್ರ ಯಾರೋ ಹಳೇ ಮನೆ ಕೆಡವ್ತಿದಾರೆ, ಅಲ್ಲಿ 14 ರೂಪಾಯಿಗೆ ಸಿಗುತ್ತೆ ಅಂತ ಗೊತ್ತಾಯ್ತು. ತಟ್ಟಿ ನೋಡ್ದೆ, ಎಲ್ಲ ಟಣ್ ಅಂತಿದ್ವು. 400 ತಗೊಂಡೆ, 5,600, ಟೆಂಪೋ 1,800. ದಾನಿಗಳ ದುಡ್ಡು ಉಳಿಸ್ತಿದೀನಿ ಅಂತ ಗ್ರೂಪಲ್ಲಿ ಕೊಚ್ಕೊಂಡಿದ್ದೂ ಆಯ್ತು.

ಆಚಾರಿ ಒಂದು ಹೆಂಚು ಮಗುಚಿ ಹಿಂದ್ಗಡೆ ಉಬ್ಬಚ್ಚು ನೋಡಿದ್ರು, ಶಾಲೆಯ ಹಳೇ ಹೆಂಚು ಮಗುಚಿ ನೋಡಿದ್ರು, ಏನೂ ಹೇಳ್ದೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೂರ್ಸಿದ್ರು. ಕೂರ್ಲಿಲ್ಲ. ಬೇರೆ ಬೇರೆ ಕಾರ್ಖಾನೆ, ಬೇರೆ ಅಚ್ಚು. ಪಕ್ಕದ ಗಾಡಿ (ಹೆಂಚು ಒಂದಕ್ಕೊಂದು ಕಚ್ಚಿಕೊಳ್ಳೋ ಗೆರೆ) ಕಾಲು ಇಂಚು ಆಚೀಚೆ, ಒಂದು ಇನ್ನೊಂದರ ಮೇಲೆ ಹತ್ತಿ ಕೂತು ಮಧ್ಯದಲ್ಲಿ ಬೆರಳು ಹೋಗೋಷ್ಟು ಸಂದು. ಮಂಗಳೂರಲ್ಲಿ ಬಾಸೆಲ್ ಮಿಷನ್‌ನೋರು 1865ರಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ಕರಾವಳಿ ಉದ್ದಕ್ಕೂ ಎಷ್ಟೋ ಕಾರ್ಖಾನೆ ಬಂದ್ವು, ನಾವು ಎಲ್ಲಕ್ಕೂ ಮಂಗಳೂರು ಹೆಂಚು ಅಂತೀವಿ, ಆದ್ರೆ ಒಂದರ ಗಾಡಿ ಇನ್ನೊಂದಕ್ಕೆ ಆಗಲ್ಲ. ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ನಿಮ್ಮ ಮಾಡಿನ ಒಂದು ಹೆಂಚನ್ನ ಬ್ಯಾಗಲ್ಲಿ ಹಾಕ್ಕೊಂಡೇ ಹೋಗಿ. 7,400 ಹೋಯ್ತು. ಆ 400 ಹೆಂಚು ಈಗ ಅಡುಗೆ ಮನೆ ಹಿಂದೆ ಸೌದೆ ಕೊಟ್ಟಿಗೆ ಮೇಲಿದೆ, ಅಲ್ಲಿ ಅವೆಲ್ಲ ಒಂದೇ ಜಾತಿ ಆದ್ರಿಂದ ಒಂದು ಹನಿ ಸೋರಲ್ಲ.

ಶಾಲೇದೇ ಅಚ್ಚಿಗೆ ಹೊಂದೋ ಹೊಸ ಹೆಂಚು ಹುಡುಕಿ 650 ತರಿಸಿದ್ದು, ಬಾಡಿಗೆ ಸೇರಿ 31,800.

ಮೇ 11-14. ರೀಪು

ಎರಡು ಇಂಚು ಒಂದು ಇಂಚಿನ ರೀಪು 900 ಅಡಿ, ಅಡಿಗೆ 22, 19,800. ಪಕ್ಕದ ರೂಮಿಗೂ ಅಲ್ಲಲ್ಲಿ ಹಾಕ್ಬೇಕಿತ್ತು, ಅದಕ್ಕೆ ಅಷ್ಟು. ಒರಲೆ ಔಷಧಿ 2,400, ರೀಪಿನ ನಾಲ್ಕೂ ಮುಖಕ್ಕೆ ಬ್ರಶ್ಶಲ್ಲಿ ಹಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿದ್ವಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ನಾನು ಮೊದಲ ಅರ್ಧ ಗಂಟೆ ಹಾಕ್ದೇ ಹಚ್ಚಿ ರಾತ್ರಿಯೆಲ್ಲ ಉರಿ.

ರೀಪಿನ ಅಂತರ 13 ಇಂಚು ಇಡೋಣ ಅಂತ ನಾನು ಹಟ ಹಿಡಿದೆ, ಮೊಬೈಲಲ್ಲಿ ಹಂಗಿತ್ತು, ಮೇಲಾಗಿ ಒಂದು ಸಾಲು ಉಳಿಯುತ್ತೆ. ಆಚಾರಿ ಬೇಡ ಅಂದ್ರು, ನಾನು ಕೇಳ್ಲಿಲ್ಲ, ದುಡ್ಡು ಹಿಡ್ಕೊಂಡಿರೋನು ನಾನಲ್ವಾ. ನಾಲ್ಕು ಸಾಲು ಹೊಡೆದು ಹೆಂಚು ಹಾಕಿ ಮೇಲಿಂದ ಒಂದು ಕೊಡಪಾನ ನೀರು ಹುಯ್ದ್ರೆ ಅರ್ಧ ನೀರು ಒಳಗೇ ಬಂತು. ಮೇಲಿನ ಹೆಂಚಿನ ಮೂತಿ ಕೆಳಗಿನದನ್ನ ಹಿಡೀತಾನೇ ಇರ್ಲಿಲ್ಲ. ಆಚಾರಿ ಲೆಕ್ಕ ಸುಲಭ: ಎರಡು ಹೆಂಚನ್ನ ನೆಲದ ಮೇಲೆ ಒಂದಕ್ಕೊಂದು ಕೂರ್ಸಿ ಪೂರ್ತಿ ಎಳೆದು ಹಿಡಿದು, ಒಂದರ ಕೊಕ್ಕೆಯಿಂದ ಇನ್ನೊಂದರ ಕೊಕ್ಕೆಗೆ ಕಡ್ಡಿ ಇಟ್ಟು ಮುರ್ಕೊಂಡ್ರು. ಆ ಕಡ್ಡಿಯೇ ಅಳತೆ. ಆಮೇಲೆ ನಾನು ಟೇಪಲ್ಲಿ ನೋಡ್ದೆ, ಹನ್ನೆರಡೂವರೆ. ನಾಲ್ಕು ಸಾಲು ಕಿತ್ತು ಮತ್ತೆ ಹೊಡೆದ್ವಿ, ಅರ್ಧ ದಿನ ಹಾಳು. ಅವತ್ತಿಂದ ಮಾಡಿನ ವಿಷಯದಲ್ಲಿ ಬಾಯಿ ಮುಚ್ಕೊಂಡೆ. ಪೂರ್ತಿ ಮುಚ್ಕೊಂಡಿದ್ರೆ ಇನ್ನೂ ಒಳ್ಳೇದಿತ್ತು, ಮುಂದೆ ಓದಿ.

ಮೇ 20-26. ಮಳೆ

ಲೆಕ್ಕ ಹಾಕಿದ್ದು ಜೂನ್ ಮೊದಲ ವಾರಕ್ಕೆ ಮಳೆ ಅಂತ. ಈ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ವಾಡಿಕೆಗಿಂತ ಎಂಟು ದಿನ ಮುಂಚೆ, 2009ರ ನಂತರ ಇಷ್ಟು ಬೇಗ ಬಂದಿರ್ಲಿಲ್ಲ. ನಮ್ಮಲ್ಲಿ ಅದಕ್ಕೂ ಮುಂಚೆನೇ ಹೊಡೆಯೋಕೆ ಶುರು. ಪಡುವಣ ಇಳಿಜಾರಿಗೆ ಹೆಂಚು ಹಾಕಿ ಆಗಿತ್ತು, ಮೂಡಣದ್ದು ಪೂರ್ತಿ ಬೋಳು. ರಿಪ್ಪನ್‌ಪೇಟೆಗೆ ಹೋಗಿ ಟಾರ್ಪಾಲು ತಂದ್ವಿ, 4,800, ನಾಲ್ಕು ಜನ ಸೇರಿ ಕಟ್ಟಿದ್ದು ರಾತ್ರಿ ಎಂಟೂವರೆಗೆ, ಟಾರ್ಚು ಹಿಡಿದಿದ್ದು ಎಚ್ಚೆಂ. ಮಳೆ ಬಿಟ್ಟ ಒಂದೆರಡು ಗಂಟೆಗಳಲ್ಲಿ ಎರಡೆರಡು ಸಾಲು ಹಾಕ್ತಾ ಹೋದ್ರು ಆಚಾರಿ. ಒದ್ದೆ ರೀಪಿನ ಮೇಲೆ ಅವ್ರು ಓಡಾಡೋದು ನೋಡಿದ್ರೆ ಕೆಳಗೆ ನಿಂತ ನಮ್ಮ ಕಾಲು ನಡುಗ್ತಿತ್ತು. ಮಾಡಿನ ನೆತ್ತಿಗೆ ಹಾಕೋ ಕೋಡಿನ ಹೆಂಚು, ಸಿಮೆಂಟು 3,600. ಆಚಾರಿ ದಿನಕ್ಕೆ 1,200, ಇಬ್ರು ಹೆಲ್ಪರ್‌ಗೆ 800ರಂತೆ, ಒಟ್ಟು ಒಂಬತ್ತು ದಿನ, 25,200. ಕೊನೇ ಎರಡು ದಿನದ ಕೂಲಿ ಆಚಾರಿ ತಗೊಳ್ಳಲ್ಲ ಅಂದ್ರು, ಅವ್ರ ಮೊಮ್ಮಗಳು ಇಲ್ಲೇ ಮೂರನೇ ಕ್ಲಾಸು. ನಾವು ಒತ್ತಾಯ ಮಾಡಿ ಕೊಟ್ವಿ. ಕೊಟ್ಟಿದ್ದು ಸರಿನೋ ತಪ್ಪೋ ಅಂತ ಈಗ್ಲೂ ಯೋಚ್ನೆ ಆಗುತ್ತೆ, ಅವ್ರ ಮುಖ ಸ್ವಲ್ಪ ಸಣ್ಣದಾಗಿತ್ತು.

ಇನ್ನು ದೋಣಿ, ಅಂದ್ರೆ ಮಾಡಿನ ನೀರು ಹರಿದು ಹೋಗೋ ತಗಡಿನ ಕಾಲುವೆ. ಹೆಂಚಿನ ಇಳಿಜಾರು ಬಂದು ಆರ್‌ಸಿಸಿ ರೂಮಿನ ಗೋಡೆಗೆ ಬಡಿಯೋ ಜಾಗ ಇದ್ಯಲ್ಲ, 24 ಅಡಿ ಉದ್ದ, ಹಳೇ ಸೋರಿಕೆ ಐದರಲ್ಲಿ ಮೂರು ಅಲ್ಲೇ ಇದ್ದಿದ್ದು. ತಗಡಿನ ದೋಣಿ ಮಾಡ್ಸಿದ್ವಿ, ನಾನು ಕೊಟ್ಟ ಅಳತೆ, ಬಿಚ್ಚಿದ್ರೆ 12 ಇಂಚು ಅಗಲದ ತಗಡು, 3,100. ಮೊದಲ ಮಳೆಗೇ ತುಂಬಿ ಹೊರಳಿ ಗೋಡೆ ಒಳಗೆ ಇಳೀತು. ಬೆಂಗಳೂರಿನ ಬಾಲ್ಕನಿ ಲೆಕ್ಕ ಹೊಸನಗರಕ್ಕೆ ನಡೆಯಲ್ಲ. ಮತ್ತೆ 24 ಇಂಚಿನ ತಗಡು ತಂದು, ಈ ತುದಿಯಿಂದ ಆ ತುದಿಗೆ ಎರಡು ಇಂಚು ಇಳಿಜಾರು ಕೊಟ್ಟು, ಕೆಳಗಿನ ಪೈಪು ಮೂರರ ಬದ್ಲು ನಾಲ್ಕು ಇಂಚು ಮಾಡಿ ಕೂರ್ಸಿದ್ವಿ, 5,200. ಅವಸರದಲ್ಲಿ, ಮಳೇಲಿ, ಆಚಾರಿ ಆಚೆ ಕಡೆ ಕೋಡು ಕಟ್ಟುವಾಗ, ನಾನೇ.

ಮೇ 27ರಿಂದ ಜೂನ್ 15. ನೀರು, ಟಾಯ್ಲೆಟ್ಟು

ಮೇ 29ಕ್ಕೆ ಶಾಲೆ ಶುರು. ಇದು ನನ್ನ ಸ್ವಂತ ಫೀಲ್ಡು, ಇಲ್ಲಿ ತಪ್ಪಾಗಲ್ಲ ಅಂದ್ಕೊಂಡಿದ್ದೆ.

ಶಾಲೆಗೆ ಬಾವಿ ಇದೆ, ಅರ್ಧ ಎಚ್‌ಪಿ ಮೋಟ್ರು ಹಾಕಿದ್ವಿ, 5,600. ಟ್ಯಾಂಕನ್ನ ಟಾಯ್ಲೆಟ್ ಸ್ಲ್ಯಾಬಿನ ಮೇಲೇ ಇಟ್ಟೆ, ಗೋಡೆ ಬರೋ ಜಾಗ ನೋಡ್ಕೊಂಡೇ ಇಟ್ಟಿದ್ದು, ತುಂಬಿದ್ರೆ ಟನ್ನಿನ ಮೇಲೆ ತೂಕ. ಅಲ್ಲಿಂದ ಕೈ ತೊಳೆಯೋ ಕಟ್ಟೆಗೆ 60 ಅಡಿ, ಅರ್ಧ ಇಂಚಿನ ಪೈಪು ಎಳೆದೆ, ಫಿಟ್ಟಿಂಗ್ ಸೇರಿ 4,100. ಒಂದು ನಲ್ಲಿ ತಿರುಗಿಸಿ ನೋಡಿದೆ, ಚೆನ್ನಾಗೇ ಬಂತು, ಫೋಟೋ ಹಾಕ್ದೆ. ಊಟದ ಬೆಲ್ ಹೊಡೆದಾಗ ಆರೂ ನಲ್ಲಿ ಒಟ್ಟಿಗೆ ತಿರುಗಿಸಿದ್ರು ನೋಡಿ, ಬೆಕ್ಕು ಉಚ್ಚೆ ಹೊಯ್ದಂಗೆ. ಆರೂ ಬಿಟ್ಟು ಕೊನೇ ನಲ್ಲಿಗೆ ಹತ್ತು ಲೀಟರ್ ಬಕೀಟು ಹಿಡಿದೆ, ತುಂಬೋಕೆ ಆರು ನಿಮಿಷ. ಟ್ಯಾಂಕಿಗೆ ಐದಡಿ ಆಂಗಲ್ ಸ್ಟ್ಯಾಂಡ್ ವೆಲ್ಡ್ ಮಾಡ್ಸಿ 7,500, ಮೇನ್ ಪೈಪು ಒಂದಿಂಚು ಮಾಡಿ ನಲ್ಲಿಗೆ ಇಳಿಯೋ ಕಡೆ ಮಾತ್ರ ಅರ್ಧ ಇಂಚು ಇಟ್ಟು 6,850. ಈಗ ಅದೇ ಬಕೀಟು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಹದಿನೈದು ವರ್ಷದಿಂದ ಇದೇ ಕೆಲಸ ಮಾಡೋ ನಾನು ಆರು ನಲ್ಲಿ ಒಟ್ಟಿಗೆ ತಿರುಗುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ, ಅಪಾರ್ಟ್‌ಮೆಂಟಲ್ಲಿ ಊಟದ ಬೆಲ್ ಇರಲ್ವಲ್ಲ.

ಕಟ್ಟೆ ಟೈಲ್ಸ್ ಹಾಕಿ ಚೆಂದ ಕಟ್ಟಿದ್ವಿ, ಗಾರೆಯವ್ರ ಕೂಲಿ ಸೇರಿ 14,500. ನಲ್ಲಿ ಎತ್ತರ 30 ಇಂಚು. ಒಂದನೇ ಕ್ಲಾಸಿನ ಮಗು ಬಂದು ಕಟ್ಟೆ ಅಂಚಿಗೆ ಎದೆ ಒತ್ತಿ, ತುದಿಗಾಲಲ್ಲಿ ನಿಂತು ಕೈ ಚಾಚಿತು, ನೀರು ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಅಂಗಿ ಒಳಗೆ. ಮುಖ ಎತ್ತಿ ನನ್ನ ನೋಡಿ ನಗ್ತು. ಟಾಯ್ಲೆಟ್ ಬಾಗಿಲಲ್ಲೂ ಅದೇ ಕಥೆ. ಎರಡೂ ಹಳೇ ಬಾಗಿಲು ಕೆಳಗಡೆ ಕೊಳೆತು ಹೋಗಿತ್ತು, ಹೊಸ ಪಿವಿಸಿ ಬಾಗಿಲು ಹಾಕ್ದೆ, 5,200, ಚಿಲಕ ನನ್ನ ಎದೆ ಮಟ್ಟಕ್ಕೆ, ನಾಲ್ಕೂವರೆ ಅಡಿ. ಒಂದು ವಾರ ಆದ್ಮೇಲೆ ಟೀಚರ್ ಒಬ್ರು ಹೇಳಿದ್ರು, ಚಿಕ್ಕ ಹೆಣ್ಮಕ್ಳು ಒಬ್ಬರು ಒಳಗೆ ಹೋದ್ರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ತಾರೆ, ಚಿಲಕ ಎಟುಕಲ್ಲ ಅಂತ. 32 ಇಂಚಿಗೆ ಇನ್ನೊಂದು ಚಿಲಕ, 85 ರೂಪಾಯಿ, ಪಕ್ಕಕ್ಕೆ ಬಟ್ಟೆ ಸಿಕ್ಕಿಸೋಕೆ ಒಂದು ಕೊಕ್ಕೆ, ಮೂಲೇಲಿ ಮುಚ್ಚಳ ಇರೋ ಬಕೀಟು. ಈ ಬಕೀಟು ಕೊಕ್ಕೆ ನನ್ನ ತಲೇಲಿ ಬಂದಿದ್ದಲ್ಲ, ಟೀಚರ್ ಚೀಟಿ ಬರೆದು ಕೊಟ್ಟಿದ್ದು. ಚಿಲಕ, ನಲ್ಲಿ, ಸಣ್ಣಪುಟ್ಟ ಎಲ್ಲ ಸೇರಿ 2,430. ಆರು-ಏಳನೇ ಕ್ಲಾಸಿನ ಹುಡ್ಗೀರು ಮುಂಚೆ ಮಧ್ಯಾಹ್ನ ಟಾಯ್ಲೆಟ್ಟಿಗೆ ಅಂತ ಮನೆಗೆ ಹೋಗ್ತಿದ್ರಂತೆ, ಕೆಲವ್ರು ಹೋದವ್ರು ವಾಪಸ್ ಬರ್ತಾನೇ ಇರ್ಲಿಲ್ಲ. ಈಗ ಹೋಗಲ್ಲ ಅಂದ್ರು ಟೀಚರ್.

ಆಮೇಲೆ ಮೊಟ್ಟೆ. ಕಟ್ಟೆಯ ಎರಡು ಇಂಚಿನ ಡ್ರೈನು ಎರಡನೇ ವಾರಕ್ಕೇ ಕಟ್ತು, ಸರಳು ಹಾಕಿ ಎಳೆದ್ರೆ ಒಂದು ಬೊಗಸೆ ಮೊಟ್ಟೆ ಸಿಪ್ಪೆ, ಅನ್ನದ ಜೊತೆ ಗಾರೆ ಥರ ಗಟ್ಟಿಯಾಗಿ. ನಾವು ಓದುವಾಗ ಮೊಟ್ಟೆ ಎಲ್ಲಿತ್ತು ಹೇಳಿ, ನಂಗೆ ಅದರ ಅಂದಾಜೇ ಇರ್ಲಿಲ್ಲ. ಈಗ ಸರ್ಕಾರಿ ಶಾಲೇಲಿ ವಾರಕ್ಕೆ ಆರು ದಿನ ಮೊಟ್ಟೆ, ಎರಡು ದಿನದ್ದು ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು, 2024ರಲ್ಲಿ ಮೂರು ವರ್ಷಕ್ಕೆ 1,500 ಕೋಟಿ ಅಂತ ಒಪ್ಪಂದ ಆಗಿದ್ದು. ಮೊಟ್ಟೆ ತಿನ್ನದವ್ರಿಗೆ ಬಾಳೆಹಣ್ಣು. ಎಚ್ಚೆಂ ನಕ್ಕರು, "ಅವರ ದಾನ ಬಂದು ನಿಮ್ಮ ದಾನದ ಪೈಪಿಗೆ ಸಿಕ್ಕಾಕ್ಕೊಂತು ನೋಡಿ". ಡ್ರೈನು ಮೂರು ಇಂಚು ಮಾಡಿ, ಬಾಯಿಗೆ ಹಳೇ ಟೇಬಲ್ ಫ್ಯಾನಿನ ಜಾಲರಿ ಕತ್ತರಿಸಿ ಕೂರ್ಸಿ, ಅದೇ ಏಟಿಗೆ ಮೂರು ನಲ್ಲೀನ 20 ಇಂಚಿಗೆ ಇಳಿಸಿದ್ವಿ, 3,200. ಸಿಪ್ಪೆ ಈಗ ಒಂದು ಡಬ್ಬಕ್ಕೆ ಹೋಗುತ್ತೆ, ಅಲ್ಲಿಂದ ಶಾಲೆ ತೋಟದ ಬದನೆ ಗಿಡಕ್ಕೆ.

ಜೂನ್ 21-22. ಕರೆಂಟು

ಟೀವಿ ಎರಡು ತಿಂಗಳು ಬಾಕ್ಸಲ್ಲೇ ಇತ್ತು, ಎಚ್ಚೆಂ ರೂಮಲ್ಲಿ, ಮೇಲೆ ಹಾಜರಿ ಪುಸ್ತಕ ಇಟ್ಕೊಳ್ಳೋ ಟೇಬಲ್ ಆಗಿತ್ತು. ಕೊಟ್ಟವ್ರು ವಾರಕ್ಕೊಂದು ಸಲ ಫೋಟೋ ಕಳ್ಸಿ ಅಂತಿದ್ರು. ಮೀಟರ್ ಇಟ್ಟು ನೋಡಿದ್ರೆ ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯ 38 ವೋಲ್ಟು, ಅಂದ್ರೆ ಅರ್ತ್ ಹೆಸರಿಗಷ್ಟೇ ಇದೆ. ಹಂಗೇ ಹಾಕಿದ್ರೆ ಮಗು ಟೀವಿ ಮುಟ್ಟಿದ್ರೆ ಏನ್ ಗತಿ. ಹೊಸ ಅರ್ತ್ ಪಿಟ್, ಬಾವಿ ಕಡೆ ತಂಪಾದ ಜಾಗದಲ್ಲಿ, ಹೊಸ ಬೋರ್ಡು, ಕರೆಂಟು ಜಾಸ್ತಿ ಆದ್ರೆ, ಲೀಕ್ ಆದ್ರೆ ತಾನೇ ಕಟ್ ಮಾಡೋ ಎಂಸಿಬಿ, ಆರ್‌ಸಿಸಿಬಿ, ಎರಡು ರೂಮಿನ ವೈರಿಂಗು, ಕೂಲಿ ನನ್ನದೇ, ಸಾಮಾನು 12,300. ಈಗ ಎರಡು ವೋಲ್ಟು. ಈ ಒಂದು ಕೆಲಸದಲ್ಲಿ ಮಾತ್ರ ತಪ್ಪಾಗ್ಲಿಲ್ಲ, ಅದಕ್ಕೇ ಬರೆಯೋಕೂ ಏನಿಲ್ಲ. ಬಿಲ್ ಚಿಂತೆನೂ ಇಲ್ಲ, 2023ರ ನವೆಂಬರ್ 1ಕ್ಕೆ ಸರ್ಕಾರಿ ಶಾಲೆಗಳಿಗೆ ಕರೆಂಟು ನೀರು ಫ್ರೀ ಅಂತ ಮುಖ್ಯಮಂತ್ರಿಗಳು ಹೇಳಿದ ಮೇಲೆ.

ಜೂನ್ 29. ಬೋರ್ಡು ಜಗಳ

ಇದನ್ನ ಬರೀಬಾರ್ದು ಅಂದ್ರು ಕೆಲವ್ರು. ಬರೀತೀನಿ, ಬೇರೆ ಊರಿನವ್ರಿಗೆ ಉಪಯೋಗ ಆಗುತ್ತೆ. ಒಬ್ರು ಮೂರನೇ ರೂಮಿನ ಬಾಗಿಲ ಮೇಲೆ ತೀರ್ಕೊಂಡ ತಂದೆ ಹೆಸರಲ್ಲಿ ಗ್ರಾನೈಟ್ ಹಾಕ್ಬೇಕು ಅಂದ್ರು, ಇನ್ನೊಬ್ರು ಹಂಗಾದ್ರೆ ಟ್ಯಾಂಕಿನ ಮೇಲೆ ನಮ್ಮ ಮನೆತನದ ಹೆಸರು ಅಂದ್ರು. ಟ್ಯೂಬ್‌ಲೈಟಿಗೆ ಹೆಸರು ಬರೆಸೋ ಜನ ನಾವು, ನಾನೂ ಅದೇ ಪೈಕಿ, ಸುಳ್ಳು ಹೇಳಲ್ಲ. ಒಳಗೊಳಗೇ ನನ್ನ ಹೆಸರು ಮೊದ್ಲು ಬರುತ್ತಾ ಅಂತ ನೋಡ್ತಿದ್ದೆ. ಎಸ್‌ಡಿಎಂಸಿ ಮೀಟಿಂಗಲ್ಲಿ ಎಚ್ಚೆಂ ಹರೇಕಳ ಹಾಜಬ್ಬರ ಕಥೆ ತೆಗೆದ್ರು, ಮಂಗಳೂರಲ್ಲಿ ಕಿತ್ತಳೆ ಬುಟ್ಟಿ ಹೊತ್ತು ಮಾರಿ ತಮ್ಮೂರು ನ್ಯೂಪಡ್ಪಿಗೆ ಶಾಲೆ ತಂದವ್ರು, 2020ರಲ್ಲಿ ಪದ್ಮಶ್ರೀ. ಆಮೇಲೆ ಕೊಪ್ಪಳದ ಕುಣಿಕೇರಿಯ ಹುಚ್ಚಮ್ಮ, ಇದ್ದ ಹೊಲಾನ ಶಾಲೆಗೆ ಕೊಟ್ಟು ಅದೇ ಶಾಲೇಲಿ ಬಿಸಿಯೂಟದ ಅಡುಗೆಗೆ ನಿಂತವ್ರು. ಯಾರೂ ಮಾತಾಡ್ಲಿಲ್ಲ, ಆದ್ರೆ ಗ್ರಾನೈಟ್ ಕೇಳಿದವ್ರು ಮನಸ್ಸೂ ಬದಲಾಯಿಸ್ಲಿಲ್ಲ, ಕಥೆಯಲ್ಲಿ ಆಗೋ ಥರ ಆಗಲ್ಲ ಇಲ್ಲಿ. ಕೊನೆಗೆ 57 ಹೆಸರೂ ಅಕಾರಾದಿ, ಮೊತ್ತ ಇಲ್ಲದೆ, ವಸ್ತು ಕೊಟ್ಟವ್ರದ್ದು ಕೆಳಗೆ, ಒಂದೇ ಬೋರ್ಡು ಅಂತ ತೀರ್ಮಾನ. ಬೋರ್ಡಿನ ಖರ್ಚು ಅಧ್ಯಕ್ಷರದ್ದು. ಒಬ್ರು ಗ್ರೂಪ್ ಬಿಟ್ರು. ಅವ್ರು ಕೊಟ್ಟಿದ್ದು 15,000, ವಾಪಸ್ ಕೇಳ್ಲಿಲ್ಲ, ಅದು ಅವ್ರ ದೊಡ್ಡತನ. ಅವ್ರ ಹೆಸರೂ ಬೋರ್ಡಲ್ಲಿದೆ.

ಜುಲೈ 6. ಲೆಕ್ಕ

ಮಾಡಿಗೆ 98,500. ನೀರು ಟಾಯ್ಲೆಟ್ಟಿಗೆ 49,380. ಕರೆಂಟು 12,300. ಬಣ್ಣ 38,500. ಟಾರ್ಪಾಲು 4,800. ಒಟ್ಟು 2,03,480. ಉಳಿದಿದ್ದು 15,120. ಬಿಲ್ಲುಗಳ ಫೈಲು ಎಚ್ಚೆಂ ಹತ್ರ ಇದೆ, ಯಾರು ಬೇಕಾದ್ರೂ ಹೋಗಿ ನೋಡಿ.

ಇದರೊಳಗೆ ನನ್ನ ತಪ್ಪಿಂದ ಹೋಗಿದ್ದು: ಹೊಂದದ ಹೆಂಚು 7,400, ಸಣ್ಣ ದೋಣಿ 3,100, ಅರ್ಧ ಇಂಚಿನ ಪೈಪು 4,100, ಕಟ್ಟೆ ಮರುಕೆಲಸ 3,200, ಹಪ್ಪಳ ಬಣ್ಣ 4,600. 22,400. ಗ್ರೂಪಲ್ಲಿ ಇದನ್ನ ಹಾಕಿದಾಗ ಒಬ್ರು "ನೂರಕ್ಕೆ ಹತ್ತು ನಿನ್ನ ಟ್ಯೂಷನ್ ಫೀಸು" ಅಂದ್ರು. ಹತ್ತಲ್ಲ, ಹನ್ನೊಂದು.

ಉಳಿದ 15,120ಕ್ಕೆ ಸೌಂಡ್ ಸಿಸ್ಟಮ್ ತಗೊಳ್ಳಿ, ಆಗಸ್ಟ್ 15ಕ್ಕೆ ಆಗುತ್ತೆ ಅಂತ ಆರೇಳು ಜನ ಹೇಳಿದ್ರು. ಬೇಡ ಅಂದೆ. ಟಾಯ್ಲೆಟ್ ತೊಳೆಯೋಕೆ ಒಬ್ರು ಬರ್ತಿದಾರೆ, ತಿಂಗಳಿಗೆ 1,500, ಅದಕ್ಕೆ ಹತ್ತು ತಿಂಗಳು ಆಗುತ್ತೆ. ಏಪ್ರಿಲ್ ಆದ್ಮೇಲೆ ಗೊತ್ತಿಲ್ಲ. ತಿಂಗಳಿಗೆ ಐವತ್ತು ರೂಪಾಯಿ ಹಾಕೋರು ಮೂವತ್ತು ಜನ ಬೇಕು ಅಂತ ಗ್ರೂಪಲ್ಲಿ ಕೇಳ್ದೆ, ಟೀವಿ ಅಂದಾಗ ಹತ್ತು ನಿಮಿಷಕ್ಕೆ ಕೈ ಎತ್ತಿದ ಗ್ರೂಪು ಇದು, ಈವರೆಗೆ ಬಂದಿದ್ದು ನಾಲ್ಕು ಹೆಸರು. 200 ಹಾಕಿದ್ದವ್ರು ಅದರಲ್ಲಿ ಒಬ್ರು.

ಜುಲೈ 13. ಇನ್ನೂ ಸೋರ್ತಿರೋದು

ಐದು ಕಡೆಯಲ್ಲಿ ನಾಲ್ಕು ನಿಂತಿದೆ. ಐದನೇದು ದೋಣಿ ನಡು ಭಾಗ. ಪಡುವಣ ಗಾಳಿ ಜೊತೆ ಜೋರು ಮಳೆ ಬಂದ್ರೆ ಮಾತ್ರ. ಶನಿವಾರ ಮಳೆ ಬಿಟ್ಟಾಗ ಏಣಿ ಹಾಕಿ ಹತ್ತಿದೆ. 24 ಅಡಿ ಒಂದೇ ತಗಡು ಸಿಗಲ್ಲ, ಎರಡು ತುಂಡು, ಮಧ್ಯದಲ್ಲಿ ಆರು ಇಂಚು ಒಂದರ ಮೇಲೊಂದು. ಮೇಲಿಂದ ನೀರು ಬರೋ ಕಡೆಯ ತುಂಡು ಮೇಲಿರ್ಬೇಕು, ಕೆಳಗಿನದು ಅಡಿಗೆ ಹೋಗ್ಬೇಕು. ನಾನು ಅವತ್ತು ಮಳೇಲಿ ಉಲ್ಟಾ ಹಾಕಿದೀನಿ, ನೀರು ನೇರ ಸಂದಿಗೇ ಹೋಗ್ತಿದೆ. ಸೀಲೆಂಟ್ ಹಚ್ಚಿದೆ, ಒದ್ದೆ ತಗಡಿಗೆ ಹಿಡೀಲಿಲ್ಲ, ಒಂದು ಟ್ಯೂಬು ವೇಸ್ಟು. ಆಚಾರಿ ಹತ್ತಿ ನೋಡಿ, "ಇದನ್ನ ಯಾರು ಕೂರ್ಸಿದ್ದು" ಅಂದ್ರು, ಗೊತ್ತಿದ್ದೇ ಕೇಳಿದ್ದು. ಈಗ ಬಿಚ್ಚಿದ್ರೆ ಸೂರಿನ ಎರಡು ಸಾಲು ಹೆಂಚೂ ತೆಗೀಬೇಕು, ಮಳೆ ನಿಲ್ಲೋ ತನಕ ಆಗಲ್ಲ. ದಸರಾ ರಜೆಗೆ ಅಂತ ಬರ್ಕೊಂಡಿದೀನಿ.

ಅಲ್ಲಿವರೆಗೆ ಒಂದು ಬಕೀಟು ಇದೆ. ಹೇಳೋದೇ ಬೇಡ, ಗಾಳಿ ಬೀಸಿದ್ರೆ ಮೂರನೇ ಕ್ಲಾಸಿನ ಆಚಾರಿ ಮೊಮ್ಮಗಳೇ ಎದ್ದು ಹೋಗಿ ಸರಿಯಾದ ಜಾಗಕ್ಕೆ ಇಟ್ಟು ಬರ್ತಾಳೆ. ಹೋದ ವಾರ ನಾನು ಹೋದಾಗ ಬಾಗಿಲಲ್ಲೇ ವರದಿ ಕೊಟ್ಲು, "ಅಂಕಲ್, ಇವತ್ತು ಎರಡೂವರೆ ಬಕೀಟು. ನಿನ್ನೆ ಮೂರಿತ್ತು".